ಆಂಡಾಳ್ ಹೇಳದ ಮಾತು

ನುಗ್ಗೆಸೊಪ್ಪು ಬಿಡಿಸಲು ಕೂತರೆ ಕಮಲಮ್ಮಾಳಿಗೆ ಹಾಡು ಬೇಕು. ಆ ಸಂಜೆಯೂ ಸೊಸೆ ಆಂಡಾಳ್ ತನ್ನ ಫೋನನ್ನು ಕಂಬಕ್ಕೆ ಒರಗಿಸಿ, ಮುರುಗನ ಹಾಡು ಹಾಕಿ, ಒಲೆಯ ಕಡೆ ತಿರುಗಿದ್ದಳು. ಹಾಡು ತಟ್ಟನೆ ನಿಂತಿತು. ಹೆಣ್ಣು ದನಿಯೊಂದು ತಮಿಳಿನಲ್ಲಿ ಕೇಳಿತು: ಗಂಡನನ್ನು ಕಳೆದುಕೊಂಡಿದ್ದೀರಾ? ತೇನಿ ಜಿಲ್ಲೆಯಲ್ಲೇ ನಿಮಗೊಂದು ಹೊಸ ಬಾಳು ಕಾದಿದೆ.

ಆಂಡಾಳ್ ಒದ್ದೆ ಕೈಯಲ್ಲೇ ಓಡಿಬಂದು ಅದನ್ನು ಆರಿಸಿದಳು.

"ಏನದು?"

"ಜಾಹೀರಾತು ಅತ್ತೆ. ಎಲ್ಲರಿಗೂ ಬರುತ್ತೆ."

ಎಲ್ಲರಿಗೂ ಬರುವುದಲ್ಲ ಎಂದು ಆಂಡಾಳಿಗೆ ಗೊತ್ತಿತ್ತು. ಗಂಡ ಸುಂದರ್ ಜ್ವರದಲ್ಲಿ ತೀರಿಕೊಂಡ ಮೇಲೂ ಅವಳು ಗೂಡಲೂರಿನ ಈ ಕನ್ನಡ ಮಾತಿನ ಮನೆಯಲ್ಲೇ ಉಳಿದಿದ್ದಳು. ದ್ರಾಕ್ಷಿ ಪ್ಯಾಕ್ ಮಾಡುವ ಶೆಡ್ಡು, ಮನೆ, ಮತ್ತೆ ಶೆಡ್ಡು. ಹೋದ ವಾರ ಬಸ್ಸಿಗೆ ಕಾಯುತ್ತಾ, ಏನೋ ತೋಚಿ, ಮರುಮದುವೆಯ ಸೈಟೊಂದನ್ನು ತೆರೆದಿದ್ದಳು. ಫೋಟೊ ನೋಡಲು ಹೆಸರು, ನಂಬರ್ ಕೊಡಿ ಎಂದಿತು, ಕೊಟ್ಟಳು. ಕೆಳಗಿದ್ದ 'ಒಪ್ಪಿಗೆ'ಯನ್ನು ಓದದೆಯೇ ಒತ್ತಿದಳು. ಬಸ್ಸು ಬಂದಾಗ ನಾಚಿಕೆಯಾಗಿ ಎಲ್ಲ ಮುಚ್ಚಿಬಿಟ್ಟಳು.

ಅವಳು ಮುಚ್ಚಿದರೂ ಅದು ಅವಳನ್ನು ಬಿಡಲಿಲ್ಲ. ಅಡುಗೆ ವಿಡಿಯೊ ತೆರೆದರೆ ಅಲ್ಲಿ ಮದುಮಗ, ಹವಾಮಾನ ನೋಡಿದರೆ ಅಲ್ಲೂ ಮದುಮಗ. ಗೊತ್ತಿಲ್ಲದ ನಂಬರುಗಳಿಂದ ಕರೆಗಳು. ಶೆಡ್ಡಿನಲ್ಲಿ ಗೊಂಚಲು ಕೈಯಿಂದ ಜಾರುತ್ತಿತ್ತು. ಮನೆಯಲ್ಲಿ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದಳು.

ಹಿಂದೆ ಮೊಬೈಲ್ ಅಂಗಡಿಯಲ್ಲಿದ್ದ ಗೆಳತಿ ಸುಗನ್ಯಾ ಫೋನನ್ನು ತಿರುಗಿಸಿ ನೋಡಿ ಹೇಳಿದಳು: "ನೀ ಒಪ್ಪಿಗೆ ಕೊಟ್ಟಿದ್ದೀಯಲ್ಲಕ್ಕಾ. ನಿನ್ನ ನಂಬರನ್ನ ಹತ್ತು ಕಡೆ ಮಾರಿಕೊಂಡಿದ್ದಾರೆ. ಮನೆ ವೈಫೈ ಒಂದೇ ಅಲ್ವಾ? ಮನೆಯವರ ಫೋನಿಗೂ ಈ ಜಾಹೀರಾತು ಹೋದರೂ ಹೋಗಬಹುದು."

ಅವಳು ಹೇಳಿದಂತೆಯೇ ಆಗಿತ್ತು. ಮೈದುನ ರಾಮರ್ ಅಂಗಳದಲ್ಲೇ ಅವಳನ್ನು ತಡೆದ.

"ಅತ್ತಿಗೆ, ನನ್ನ ಫೋನಲ್ಲೂ ಇದೇ ಬರ್ತಿದೆ. ಯಾರು ನೋಡಿದ್ದು? ನಿಮ್ಮ ಫೋನ್ ಕೊಡಿ."

ಅಷ್ಟರಲ್ಲಿ ಅವಳ ಸೊಂಟದಲ್ಲಿದ್ದ ಫೋನು ಹೊಡೆದುಕೊಂಡಿತು. ರಾಮರ್ ಕಿತ್ತುಕೊಂಡು ಸ್ಪೀಕರಿಗೆ ಹಾಕಿದ. "ಆಂಡಾಳ್ ಮೇಡಮ್ಮಾ? ಎರಡನೇ ಮದುವೆಗೆ ಒಳ್ಳೇ ಕಡೆ ಇದೆ, ಆಂಡಿಪಟ್ಟಿಯವರು..." ದನಿ ಅಂಗಳವೆಲ್ಲ ತುಂಬಿತು. ಕಮಲಮ್ಮಾಳ್ ಬಾಗಿಲಿಗೆ ಬಂದು ನಿಂತಿದ್ದಳು.



"ಕೇಳಿದೆಯಾ ಅಮ್ಮಾ?" ರಾಮರ್ ತಾಯಿಯ ಕಡೆ ತಿರುಗಿದ. "ಊರವರು ಕೇಳಿದರೆ ನಾನೇನು ಹೇಳಲಿ? ಇವರೂ ಹೋದರೆ ನಿನಗ್ಯಾರು? ಅಣ್ಣ ಇದ್ದ ಮನೆ ಇದು."

"ನಾನು ತಪ್ಪೇನೂ ಮಾಡಿಲ್ಲ," ಎಂದಳು ಆಂಡಾಳ್. "ಒಂದು ಸಲ ನೋಡಿದೆ, ಅಷ್ಟೇ. ಏನು ಬೇಕೂಂತ ನನಗೇ ಇನ್ನೂ ಗೊತ್ತಿಲ್ಲ. ಅಷ್ಟರಲ್ಲೇ ಲೋಕಕ್ಕೆಲ್ಲ ಗೊತ್ತಾಗಿಬಿಟ್ಟಿತು."

ಕಮಲಮ್ಮಾಳ್ ಮೆಟ್ಟಿಲಿಳಿದು ಬಂದಳು. ಮಗನ ಕೈಯಿಂದ ಫೋನು ತೆಗೆದುಕೊಂಡು, ಅದರಲ್ಲಿ ಇನ್ನೂ ಮಾತಾಡುತ್ತಲೇ ಇದ್ದವನಿಗೆ ತಮಿಳಿನಲ್ಲಿ, "ಅವಳು ಕೇಳಿದಾಗ ಹೇಳಪ್ಪಾ, ಈಗ ಇಡು," ಎಂದಳು. ಆಮೇಲೆ ಮಗನ ಕಡೆ ತಿರುಗಿದಳು.

"ಎಲ್ಲೋ ಕುಂತಿರೋನಿಗೆ ಇವಳ ಮನಸಲ್ಲಿ ಏನೋ ಇದೆ ಅಂತ ಗೊತ್ತಾಯ್ತು. ಒಂದೇ ಒಲೆ ಮುಂದೆ ಕುಂತಿರೋ ನಾನು ಒಂದು ದಿನಾನೂ ಕೇಳಲಿಲ್ಲ," ಎಂದಳು. "ಅವನು ಮಾಡಿದ್ದು ಕಳ್ಳತನ, ರಾಮರ್. ನೀ ಈಗ ಮಾಡಿದ್ದೂ ಅದೇ."

ಕಮಲಮ್ಮಾಳ್ ಫೋನನ್ನು ಸೊಸೆಯ ಕೈಗಿಟ್ಟಳು. "ಹೇಳಬೇಕು ಅನ್ನಿಸಿದಾಗ ನೀನೇ ಹೇಳು. ಅಲ್ಲೀವರೆಗೂ ಯಾರೂ ಕೇಳಲ್ಲ."

ಆವತ್ತು ಆಂಡಾಳ್ ಏನೂ ಹೇಳಲಿಲ್ಲ. ಸುಗನ್ಯಾಳನ್ನು ಜೊತೆಗಿಟ್ಟುಕೊಂಡು ಸೈಟಿನಿಂದ ತನ್ನ ಹೆಸರು ತೆಗೆಸಿದಳು, ಕೊಟ್ಟ ಒಪ್ಪಿಗೆಗಳನ್ನು ಒಂದೊಂದಾಗಿ ಓದಿ ಹಿಂತೆಗೆದಳು. ಕರೆಗಳು ಕಮ್ಮಿಯಾದವು, ಪೂರಾ ನಿಲ್ಲಲಿಲ್ಲ. ಫೋನು ಹೊಡೆದುಕೊಂಡರೆ ರಾಮರ್ ಎದ್ದು ಹೊರಗೆ ಹೋಗುತ್ತಿದ್ದ.

ಹಾಗೇ ಒಂದು ಬೆಳಗ್ಗೆ, ಕಮಲಮ್ಮಾಳ್ ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದಾಗ, ಆಂಡಾಳ್ ಹತ್ತಿರ ಬಂದು ನಿಂತಳು.

"ಅತ್ತೆ, ನಿಮ್ಮ ಹತ್ತಿರ ಒಂದು ಮಾತು..."

ಕಮಲಮ್ಮಾಳ್ ಚೊಂಬು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಜಗಲಿಯ ಮೇಲೆ ಅವಳಿಗೂ ಜಾಗ ಬಿಟ್ಟು ಕೂತಳು.

"ಹೇಳು ತಾಯಿ."