ನಾಲ್ಕನೆಯ ನೆನಪೋಲೆ

ನಮ್ಮ ಮನೆಯ ಗಡಿಯಾರ ಇಪ್ಪತ್ತು ನಿಮಿಷ ಮುಂದಿದೆ. ನನ್ನ ಗಂಡನಿಗೋಸ್ಕರ ಅತ್ತೆ ಹಾಗೆ ಇಟ್ಟದ್ದು. ಅವನಿಗೆ ಅದು ಗೊತ್ತಿತ್ತು. ಇಪ್ಪತ್ತು ನಿಮಿಷ ಕಳೆದು ನೋಡಿಕೊಂಡು, ಮೇಲೆ ಹತ್ತು ನಿಮಿಷ ತಡವಾಗಿಯೇ ಹೊರಡುತ್ತಿದ್ದ.

ಅವನ ಅಂತ್ಯಕ್ರಿಯೆಯಾಗಿ ಮೂರು ವಾರವಾಗಿತ್ತು. ಕೊನೆಯ ನೆಂಟರು ಭಾನುವಾರ ಸಂಜೆ ಹೋದರು. ಸೋಮವಾರ ಮೊದಲ ಮಾಮೂಲಿ ಬೆಳಿಗ್ಗೆ. ಚಹಾ ಕುಡಿದೆ, ಬ್ರೆಡ್ಡು ತಿಂದೆ, ಗಡಿಯಾರ ನೋಡಿ ಹೊರಟೆ. ಅದನ್ನು ಯಾರೂ ಸರಿ ಮಾಡಿರಲಿಲ್ಲ. ಕಚೇರಿ ತಲುಪಿದಾಗ ಜವಾನ ಇನ್ನೂ ಬೀಗ ತೆಗೆಯುತ್ತಿದ್ದ.

"ಇಷ್ಟು ಬೇಗ ಬಂದ್ರೆ ಹೇಗಮ್ಮ? ಇದೇ ಅಭ್ಯಾಸ ಆದ್ರೆ ನನ್ನ ಗತಿ ಏನು?" ಅಂದವನು ತಕ್ಷಣ ನಾಲಿಗೆ ಕಚ್ಚಿಕೊಂಡ.

"ಗಡಿಯಾರದ ತಪ್ಪು," ಅಂದೆ. ಅವನಿಗೆ ಸಮಾಧಾನವಾಯಿತು.

ಮೇಲ್ವಿಚಾರಕರು ನನ್ನ ಮೇಜಿನ ಹತ್ತಿರ ಬಂದರು. "ಈ ವಾರ ಹಗುರ ಕೆಲಸ ಮಾಡಮ್ಮ. ಲಕೋಟೆಗೆ ಅಂಟು ಹಚ್ಚು."

"ಅಂಟು ಹಚ್ಚೋಕೆ ಎಂ.ಎ. ಮಾಡಿದ್ನಾ ಸಾರ್?"

"ಎಂ.ಎ. ಮಾಡಿದವರೇ ಚೆನ್ನಾಗಿ ಹಚ್ಚೋದು. ಬಿ.ಎ.ಗಳು ಬೆರಳಿಗೆ ಮೆತ್ಕೋತಾರೆ."

ನಾನು ನನ್ನ ರಿಜಿಸ್ಟರನ್ನೇ ಕೇಳಿ ತೆಗೆದುಕೊಂಡೆ.

ಜಿಲ್ಲಾ ಶಿಕ್ಷಣ ಕಚೇರಿಯಲ್ಲಿ ನನ್ನದು ನೆನಪೋಲೆಯ ಕೆಲಸ. ಅರವತ್ತೆರಡು ಶಾಲೆಗಳ ಮುಖ್ಯೋಪಾಧ್ಯಾಯರು ನಾವು ಕೇಳಿದ ಅಂಕಿಅಂಶದ ತಖ್ತೆಗಳನ್ನು ಗಡುವಿನೊಳಗೆ ಕಳಿಸಬೇಕು. ಕಳಿಸದಿದ್ದರೆ ಮೊದಲ ನೆನಪೋಲೆ ಬಿಳಿ ಹಾಳೆಯಲ್ಲಿ ಹೋಗುತ್ತದೆ. ಎರಡನೆಯದರಲ್ಲಿ ಗಡುವಿನ ಕೆಳಗೆ ಕೆಂಪು ಗೆರೆ. ಮೂರನೆಯದು ಫೋನು, ಅದನ್ನು ನಾನೇ ಮಾಡಬೇಕು. ನಾಲ್ಕನೆಯದು ಸಾಹೇಬರ ಸಹಿಯಿರುವ ನೋಟೀಸು: 'ವಿವರಣೆ ನೀಡತಕ್ಕದ್ದು.'

ನನ್ನ ಗಂಡ ಊರ ಹೊರಗಿನ ಚಿಕ್ಕ ಶಾಲೆಯೊಂದರ ಮುಖ್ಯೋಪಾಧ್ಯಾಯ. ಮೊದಲೆರಡಕ್ಕೆ ಅವನು ಒಮ್ಮೆಯೂ ಉತ್ತರ ಕೊಟ್ಟವನಲ್ಲ. ಕಚೇರಿಯಲ್ಲಿ ಅವನ ಹೆಸರೇ 'ಮೂರನೆಯದು' ಎಂದಾಗಿತ್ತು. ಆರನೇ ಸಲ ಫೋನು ಮಾಡಿದಾಗ, "ಮೂರನೆಯದಕ್ಕೆ ಧ್ವನಿ ಇರುತ್ತೆ, ಅದಕ್ಕೇ ಕಾಯ್ತೀನಿ," ಅಂದ. ಮುಂದಿನ ವರ್ಷ ಮದುವೆಯಾದೆವು. ತಖ್ತೆ ಆಮೇಲೂ ತಡವಾಗಿಯೇ ಬರುತ್ತಿತ್ತು.

ಅವನಿಗೆ ತದ್ವಿರುದ್ಧ ಬಾಲಕಿಯರ ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿ. ಮೂವತ್ತೆರಡು ವರ್ಷದಲ್ಲಿ ಅವರಿಗೆ ಬಿಳಿ ಹಾಳೆ ಕೂಡ ಹೋಗಿರಲಿಲ್ಲ. 'ಗಡುವು ಮೇಡಂ' ಎಂದೇ ಎಲ್ಲರೂ ಕರೆಯುವುದು. ಅವರ ಶಾಲೆಯಿಂದ ಚೀಟಿ ಇಲ್ಲದೆ ಸೀಮೆಸುಣ್ಣದ ತುಂಡೂ ಹೊರಗೆ ಹೋಗುವುದಿಲ್ಲ. ಆದರೆ ನಾನು ರಜೆಯಲ್ಲಿದ್ದಾಗ ಅವರಿಗೆ ಎರಡು ನೆನಪೋಲೆ ಹೋಗಿದ್ದವು. ಎರಡಕ್ಕೂ ಉತ್ತರವಿಲ್ಲ.

"ಇದು ಯಾರ ಕೈತಪ್ಪು ಸಾರ್?"

"ಕೈತಪ್ಪಲ್ಲಮ್ಮ. ಬೆಂಕಿ ನಂದಿಸೋ ಸಿಲಿಂಡರಿನ ತಖ್ತೆ. ಎಂಟರಲ್ಲಿ ಏಳು ತೋರಿಸಿದ್ದಾರೆ. ಎಂಟನೆಯದು 'ಹೊರಗಿದೆ' ಅಂತೆ. ಎಲ್ಲಿ ಅಂತ ಬರೀತಿಲ್ಲ. ಶುಕ್ರವಾರ ನಿವೃತ್ತಿ ಬೇರೆ. ದಾಸ್ತಾನು ತಾಳೆ ಆಗದೆ ಸಾಹೇಬರು ಬಿಡುಗಡೆ ಆದೇಶಕ್ಕೆ ಸಹಿ ಹಾಕಲ್ಲ. ಕಡೇ ದಿನ ವಿವರಣೆ ಬರೀತಾ ಕೂರಬೇಕು, ಪಾಪ."

ಮೂರನೆಯದು ನನ್ನ ಪಾಲಿನದು. ಫೋನು ಮಾಡಿದೆ.

"ಎಂಟನೇ ಸಿಲಿಂಡರು ಹೊರಗಿದೆ ಅಂತ ಬರೆದಿದ್ದೀರಿ ಮೇಡಂ. ಹೊರಗೆ ಅಂದ್ರೆ ಎಲ್ಲಿ?"

ನನ್ನ ಧ್ವನಿ ಅವರಿಗೆ ಗುರುತು ಸಿಕ್ಕಿತು. "ಹೊರಗೆ ಅಂದ್ರೆ ಒಳಗಿಲ್ಲ ಅಂತ."

"ಷರಾ ಕಲಂ ಖಾಲಿ ಬಿಟ್ಟಿದ್ದೀರಿ."

"ಮೂವತ್ತೆರಡು ವರ್ಷ ತುಂಬಿಸಿದ್ದೀನಮ್ಮ. ಒಂದ್ಸಲ ಖಾಲಿ ಇರಲಿ."

"ಖಾಲಿ ಇದ್ರೆ ನಾಲ್ಕನೆಯದು ಹೋಗುತ್ತೆ, ಮೇಡಂ."

"ಊಟ ಮಾಡಿದ್ಯಾ?"

"ಇನ್ನೂ ಹತ್ತೂವರೆ."

"ಹಾಗಾದ್ರೆ ತಿಂಡಿ?"

"ಆಯ್ತು."

"ಸರಿ. ನಿನ್ನ ಕೆಲಸ ನೀನು ಮಾಡು. ಕಳಿಸು ನಾಲ್ಕನೆಯದನ್ನ." ಫೋನು ಇಟ್ಟರು.

ನಾಲ್ಕನೆಯದನ್ನು ಟೈಪು ಮಾಡಿದೆ. 'ವಿವರಣೆ ನೀಡತಕ್ಕದ್ದು' ಎಂಬಲ್ಲಿ ಬೆರಳು ಎರಡು ಸಲ ತಪ್ಪಿತು. ಸಾಹೇಬರು ಪ್ರವಾಸದಲ್ಲಿದ್ದರು. ಮರುದಿನ ಹನ್ನೊಂದಕ್ಕೆ ಬಂದು ಸಹಿ ಹಾಕುತ್ತಾರೆ. "ಗಡುವು ಮೇಡಂಗೆ ನಾಲ್ಕನೆಯದು ಹೋಗೋ ಕಾಲ ಬಂತು," ಎಂದು ಜವಾನ ಕಡತವನ್ನು ಎರಡೂ ಕೈಯಲ್ಲಿ ಹಿಡಿದು ಒಯ್ದು ಸಾಹೇಬರ ಮೇಜಿನ ಮೇಲಿಟ್ಟ.

ಸಂಜೆ ಮನೆಗೆ ಹೋದಾಗ ಅತ್ತೆ ಸೆರಗು ಸಿಕ್ಕಿಸಿಕೊಂಡು ಮನೆ ಒರೆಸುತ್ತಿದ್ದರು. ಮೂರು ವಾರದ ನೆಂಟರ ಕೊಳೆ.

"ಎಲ್ಲ ಹೊರಟರು. ಕೆಂಪಣ್ಣ ಮಾತ್ರ ಇಲ್ಲೇ ತಳ ಊರಿದ್ದಾನೆ," ಅಂದರು.

ಕೆಂಪಣ್ಣ ಅಂದರೆ ಬಾಗಿಲ ಹಿಂದಿನ ಬೆಂಕಿ ನಂದಿಸುವ ಸಿಲಿಂಡರು. ಮೈಮೇಲೆ ನನ್ನ ಗಂಡನ ಶಾಲೆಯ ಹೆಸರಿನ ಚೀಟಿ. ನೆಂಟರು ಅದಕ್ಕೆ ಚೀಲ, ಕೊಡೆ, ಒಬ್ಬರಂತೂ ಟೋಪಿ ಕೂಡ ತೂಗುಹಾಕಿದ್ದರು. ಬೆಳಿಗ್ಗೆ ಹೋಗುವಾಗಲೂ ಅದರ ಪಕ್ಕದಿಂದಲೇ ಚಪ್ಪಲಿ ತೆಗೆದುಕೊಂಡಿದ್ದೆ. ಇಡೀ ದಿನ ಅಂಥದೇ ಒಂದರ ಬಗ್ಗೆ ಕಾಗದ ಬರೆದೂ ನನಗೆ ಇದು ಹೊಳೆದಿರಲಿಲ್ಲ. ಆ ದಿನಗಳಲ್ಲಿ ನನಗೆ ಕಂಡದ್ದೆಲ್ಲ ಬರೀ ಕಾಣುತ್ತಿತ್ತು, ಅಷ್ಟೆ.

ಅತ್ತೆ ಒದ್ದೆ ಬಟ್ಟೆಯಿಂದ ಅದನ್ನು ತಿಕ್ಕಿದರು. ಚೀಟಿಯ ಅಂಚು ಎದ್ದಿತು. ಇನ್ನೊಂದು ಸಲ ತಿಕ್ಕಿದಾಗ ಪೂರ್ತಿ ಕಿತ್ತು ಬಂತು.

"ಇಲ್ಲಿ ನೋಡು. ನಿನ್ನ ಕೆಂಪಣ್ಣ ಎರಡು ಶರ್ಟು ಹಾಕ್ಕೊಂಡಿದ್ದ."

ಕೆಳಗೆ ಬಿಳಿ ಬಣ್ಣದಲ್ಲಿ ದುಂಡಗೆ ಬರೆದಿತ್ತು: ಬಾಲಕಿಯರ ಪ್ರೌಢಶಾಲೆ – 8.

ನಾನು ಚಪ್ಪಲಿ ಬಿಡದೆ ನೆಲದ ಮೇಲೆ ಕೂತೆ.

"ಅವನ ಶಾಲೆಯದು ಖಾಲಿ ಆಗಿತ್ತಲ್ಲ," ಅಂದರು ಅತ್ತೆ, ನನ್ನ ಮುಖ ನೋಡುತ್ತಾ. "ಮಕ್ಕಳಿಗೆ ತೋರಿಸ್ತೀನಿ ಅಂತ ಒಣಗಿದೆಲೆ ಗುಡ್ಡೆಗೆ ಬೆಂಕಿ ಹಚ್ಚಿ, ಇದ್ದದ್ದನ್ನೆಲ್ಲ ಸುರಿದುಬಿಟ್ಟನಂತೆ. ಬೂದಿಗಿಂತ ಬಿಳಿ ಪುಡಿನೇ ಜಾಸ್ತಿ. ಆ ಶರ್ಟು ಒಗೆದವಳು ನಾನು."

ಮಕ್ಕಳಿಗೆ ಪ್ರಾತ್ಯಕ್ಷಿಕೆ ಮಾಡಿ ತೋರಿಸತಕ್ಕದ್ದು ಎಂಬ ಆ ಸುತ್ತೋಲೆ ಕಳಿಸಿದ್ದು ನಾನೇ. ನೆನಪೋಲೆ ಇಲ್ಲದೆ ಅವನು ಪಾಲಿಸಿದ ಒಂದೇ ಒಂದು ಸುತ್ತೋಲೆ ಅದು. ಮರುವಾರ ತಪಾಸಣೆಯವರು ಬರುವವರಿದ್ದರು. ಸಿಲಿಂಡರು ತುಂಬಿಸುವಷ್ಟು ಸಮಯವಿರಲಿಲ್ಲ, ಎರವಲು ತಂದು ತನ್ನ ಶಾಲೆಯ ಚೀಟಿ ಅಂಟಿಸಿದ್ದಾನೆ.

ತಪಾಸಣೆ ಮುಗಿದ ಗುರುವಾರ ಸಂಜೆ ಅದನ್ನು ಸ್ಕೂಟರಿನಲ್ಲಿ ತಂದು ಬಾಗಿಲ ಹಿಂದೆ ಇಟ್ಟು, "ಶನಿವಾರ ಇದನ್ನ ತಲುಪಿಸಬೇಕು, ನೆನಪಿಸು," ಅಂದಿದ್ದ. ತುಂಬಿಸುವ ಅಂಗಡಿಗೆ ಇರಬೇಕು ಅಂದುಕೊಂಡೆ. "ಕಚೇರಿ ಸಮಯ ಮುಗಿದಿದೆ, ಸ್ವಾಮಿ," ಅಂದೆ. ಅವನು ನಕ್ಕ. ಶನಿವಾರ ಬೆಳಿಗ್ಗೆ ಶೂ ಹಾಕಿಕೊಳ್ಳಲು ಕುರ್ಚಿಯಲ್ಲಿ ಕೂತವನು ಏಳಲಿಲ್ಲ. ಒಂದು ಶೂ ಹಾಕಿಕೊಂಡಿದ್ದ.

ಅತ್ತೆಗೆ ಗಡುವು ಮೇಡಂ ಕತೆ ಹೇಳಿದೆ. "ಆದ್ರೆ ಅತ್ತೆ, ಇದನ್ನ ಕೊಟ್ರೆ ಅವನು ಎರವಲು ತಂದು ತಪಾಸಣೆ ದಾಟಿದ್ದು ಕಡತಕ್ಕೆ ಬರುತ್ತೆ."

ಅವರು ಬಟ್ಟೆ ಹಿಂಡಿದರು. "ಬರಲಿ ಬಿಡು. ಅವನೇನು ಹರಿಶ್ಚಂದ್ರನ ತುಂಡಾಗಿದ್ನಾ? ಆಯಮ್ಮ ಶುಕ್ರವಾರ ತಲೆ ಎತ್ತಿಕೊಂಡು ಮನೆಗೆ ಹೋಗಲಿ. ಸಾಹೇಬರು ಸಹಿ ಹಾಕೋ ಮೊದಲೇ ತಲುಪಿಸು, ನಾಳೆ ಬೇಗ ಏಳು."

"ಎಷ್ಟಕ್ಕೆ?"

"ನಮ್ಮ ಗಡಿಯಾರದಲ್ಲೋ, ಊರಿನ ಗಡಿಯಾರದಲ್ಲೋ?"

ನನಗೆ ನಗು ಬಂತು. ಮೂರು ವಾರದಲ್ಲಿ ಅದೇ ಮೊದಲು. ಅತ್ತೆ ಗಮನಿಸದವರಂತೆ ಬಕೆಟ್ಟು ಎತ್ತಿಕೊಂಡು ಒಳಗೆ ಹೋದರು.

ಮರುದಿನ ಕೆಂಪಣ್ಣನನ್ನು ಸ್ಕೂಟರಿನ ಕಾಲಿಡುವ ಜಾಗದಲ್ಲಿ ನಿಲ್ಲಿಸಿ, ಟವೆಲು ಸುತ್ತಿ, ಎರಡು ಮೊಣಕಾಲ ನಡುವೆ ಹಿಡಿದುಕೊಂಡು ಹೊರಟೆ. ಸಿಗ್ನಲ್ಲಿನಲ್ಲಿ ಪೊಲೀಸಿನವ ಬಗ್ಗಿ ನೋಡಿದ.

"ಯಾಕಮ್ಮ, ಗಾಡಿಗೆ ಬೆಂಕಿ ಬೀಳೋ ಹಾಗಿದೆಯಾ?"

"ಮುನ್ನೆಚ್ಚರಿಕೆ," ಅಂದೆ.

ಬಾಲಕಿಯರ ಶಾಲೆಯ ಪಡಸಾಲೆಯಲ್ಲಿ ಏಳು ಕೊಕ್ಕೆಗಳಲ್ಲಿ ಏಳು ಸಿಲಿಂಡರು ಸಾಲಾಗಿ ತೂಗುತ್ತಿದ್ದವು. ಎಂಟನೇ ಕೊಕ್ಕೆ ಖಾಲಿ. ಅದರ ಮೇಲೆ ಧೂಳು ಮಾತ್ರ ಇರಲಿಲ್ಲ, ಅದನ್ನೂ ದಿನಾ ಒರೆಸುತ್ತಿದ್ದರು. ಗಡುವು ಮೇಡಂ ಕೋಣೆಯ ಬಾಗಿಲಲ್ಲೇ ನಿಂತಿದ್ದರು. ಸಣ್ಣ ಆಕಾರ, ದಪ್ಪ ಕನ್ನಡಕ. ಟವೆಲು ಬಿಚ್ಚಿದೆ.

"ನಾಲ್ಕನೆಯದನ್ನ ಕಳಿಸು ಅಂದ್ರೆ ಎಂಟನೆಯದನ್ನ ತಂದಿದ್ದೀಯ," ಅಂದರು.

"ಗೊತ್ತಿದ್ದೂ ಯಾಕೆ ಹೇಳಲಿಲ್ಲ, ಮೇಡಂ? ನಿಮ್ಮಲ್ಲಿ ಚೀಟಿ ಇಲ್ಲದೆ ಏನೂ ಹೊರಗೆ ಹೋಗಲ್ಲ. ಆ ಚೀಟಿ ಲಗತ್ತಿಸಿದ್ರೆ ಮುಗೀತಿತ್ತು."

ಅವರು ಮೇಜಿನ ಬೀಗ ತೆಗೆದು ಚೀಟಿಯನ್ನು ನನ್ನ ಕೈಗಿಟ್ಟರು. ಅವನ ಬರಹ, ಎಂದಿನ ಹಾಗೆ ಗೆರೆ ಬಿಟ್ಟು ಮೇಲಕ್ಕೆ ಏರಿತ್ತು.

'ಸಿಲಿಂಡರು ಒಂದು, ನಾಲ್ಕು ದಿನಕ್ಕೆ ಎರವಲು. ಮರೆತರೆ ನನ್ನ ಹೆಂಡತಿಗೆ ಫೋನು ಮಾಡಿ. ನೆನಪಿಸುವುದು ಅವಳ ಕೆಲಸ.'

"ಹೇಗೆ ಮಾಡಲಿ ಹೇಳು ಆ ಫೋನನ್ನ?" ಅಂದರು. "ಇದನ್ನ ಕಚೇರಿಗೆ ಕಳಿಸಿದ್ರೆ ನಾಲ್ಕನೆಯದು ನಿನ್ನ ಯಜಮಾನರ ಹೆಸರಿಗೆ ಹೋಗ್ತಿತ್ತು. ಟೈಪು ಮಾಡೋಳು ನೀನು."

ಚೀಟಿಯನ್ನು ಇನ್ನೊಂದು ಸಲ ಓದಿದೆ.

"ಅದು ನನ್ನ ದಾಖಲೆ, ವಾಪಸು ಕೊಡು," ಅಂದರು. ಚಾಚಿದ ಕೈ ಹಿಂದೆಗೆದು, "ನಕಲು ಇಟ್ಕೊಂಡಿದ್ದೀನಿ. ಅಸಲು ನೀನೇ ಇಟ್ಕೋ," ಅಂದರು.

ದಾಸ್ತಾನು ಪುಸ್ತಕ ಬಿಡಿಸಿದರು. ಹಿಂದಿರುಗಿಸಿದವರು ಎಂಬಲ್ಲಿ ಅವನ ಹೆಸರು ಬರೆದು, ಪಕ್ಕದಲ್ಲಿ 'ಪರವಾಗಿ' ಎಂದು ಹಾಕಿ ಸಹಿ ಮಾಡಿದೆ. ಗಡುವು ಮೇಡಂ ಬೆರಳನ್ನು ಷರಾ ಕಲಮಿನ ಮೇಲಿಟ್ಟರು. "ಇಪ್ಪತ್ತನಾಲ್ಕು ದಿನ ತಡ. ಕಾರಣ ಬೇಕು. ಖಾಲಿ ಬಿಡೋ ಹಾಗಿಲ್ಲ."

"ನಿನ್ನೆ ನೀವು ಬಿಟ್ಟಿದ್ರಿ."

"ಅದು ನಿನ್ನೆ."

ಪೆನ್ನು ತೆಗೆದುಕೊಂಡು ಬರೆದೆ: 'ನೆನಪಿಸಬೇಕಾದವರು ನೆನಪಿಸಲಿಲ್ಲ.'

ಅವರು ಕನ್ನಡಕ ಮೇಲೆತ್ತಿ ಓದಿದರು, ತಲೆಯಾಡಿಸಿದರು, ಕೆಳಗೆ ತಮ್ಮ ಸಹಿ ಹಾಕಿ ತಾರೀಖು ಬರೆದರು. ಆಮೇಲೆ ಇಬ್ಬರೂ ಪಡಸಾಲೆಗೆ ಹೋದೆವು. ಅವರು ಕೊಕ್ಕೆ ಅಲುಗದ ಹಾಗೆ ಹಿಡಿದುಕೊಂಡರು. ನಾನು ಕೆಂಪಣ್ಣನನ್ನು ಎತ್ತಿ ತೂಗುಹಾಕಿದೆ.