ಗುರುಬಸವ್ವ ಸ್ಕ್ರೀನ್ ನೋಡಿದ್ದು

ಕೌದಿಯ ನಡುವಿನ ಸಾಲಿಗೆ ಗಿಣಿಹಸಿರು ತುಂಡು ಇಡಬೇಕೋ ಎಲೆಹಸಿರು ತುಂಡು ಇಡಬೇಕೋ ಎಂದು ಗುರುಬಸವ್ವ ಎರಡನ್ನೂ ಮೊಣಕಾಲ ಮೇಲೆ ಹರವಿಕೊಂಡು ನೋಡುತ್ತಿದ್ದಳು. ದಾರ ಪೋಣಿಸಿದ ಸೂಜಿ ತುಟಿಗಳ ನಡುವೆ ಇತ್ತು. ಹಳೆಯ ಸೀರೆಗಳ ತುಂಡುಗಳು ಪಡಸಾಲೆಯ ತುಂಬ ಬಿದ್ದಿದ್ದವು. ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು.

"ಕಾಕೂ, ಒಳಗ ಬರ್ಲೇನ್ರಿ?"

ಬಂದವನು ಗೋಡೆಯಾಚೆಯ ಮನೆಯ ಜಾಹಿದ. ಅವನಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮೊಬೈಲ್ ಅಂಗಡಿ. ದಾಂಡೇಲಿಯ ಬಂಗೂರನಗರದ ಆ ಓಣಿಯಲ್ಲಿ ಸಂಸಾರ ಹೂಡಿದಾಗಿನಿಂದಲೂ ಗುರುಬಸವ್ವನನ್ನು ಅವನು ಚಿಕ್ಕಮ್ಮನ ಸಲುಗೆಯಲ್ಲಿ ಕಾಕು ಎಂದೇ ಕರೆಯುತ್ತಿದ್ದ. ಈಗ ಅವನ ಎರಡೂ ಕೈಗಳಲ್ಲಿ ಒಂದು ಕರಿಯ ಡಬ್ಬಿ ಇತ್ತು. ಹಿಡಿದ ರೀತಿ ನೋಡಿದರೆ ಒಳಗೆ ಈಗಷ್ಟೇ ಹುಟ್ಟಿದ ಕೂಸು ಇದೆಯೇನೋ ಅನ್ನಿಸುತ್ತಿತ್ತು.

"ಕಂಪನಿಯ ಎಲ್ಲಾಕಿಂತ ಮ್ಯಾಲಿನ ಮೊಬೈಲ್ ಇದು. ರೇಟ್ ಮಾತ್ರ ಕೇಳಬ್ಯಾಡ್ರಿ. ಕೇಳಿದ್ರ ಕೈಯಾಗ ಹಿಡಿಯಂಗಿಲ್ಲ ನೀವು."

ಗುರುಬಸವ್ವ ಬಾಯಿಂದ ಸೂಜಿ ತೆಗೆದಳು. "ಹಿಡಿ ಅಂತ ಯಾರಂದ್ರೋ ನನಗ?"

"ನಾನ ಅನ್ನಾಕ ಬಂದೇನಿ" ಎಂದು ಜಾಹಿದ ಕುಳಿತು ವಿಷಯ ಬಿಚ್ಚಿದ. ಕಂಪನಿಯವರು ದಾಂಡೇಲಿ ಭಾಗಕ್ಕೆ ಒಂದೇ ಅಂಗಡಿಗೆ ಏಜೆನ್ಸಿ ಕೊಡುತ್ತಾರಂತೆ. ಅದಕ್ಕೊಂದು ಷರತ್ತು. ಊರಿನ ಹಿರಿಯರೊಬ್ಬರು ಈ ಮೊಬೈಲಿನ ಸ್ಕ್ರೀನ್ ನೋಡಿ, ಅದು ಹೇಗಿದೆ ಎಂದು ತಮ್ಮ ಕೈಯಾರೆ ಕನ್ನಡದಲ್ಲಿ ಪತ್ರ ಬರೆದು ಕಳಿಸಬೇಕು. ಟೈಪು ಮಾಡಿದ್ದನ್ನು ಜನ ನಂಬುವುದಿಲ್ಲವಂತೆ. ಕೈಬರಹದ್ದಾದರೆ ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕುತ್ತಾರಂತೆ.

"ತಿಂಗಳ ಕಡೀಕ ಹುಬ್ಬಳ್ಳಿ ಆಫೀಸಿಗೆ ಮುಟ್ಟಬೇಕ್ರಿ. ಇಲ್ಲಾಂದ್ರ ಏಜೆನ್ಸಿ ಹಳಿಯಾಳದಾವ್ರ ಪಾಲಾಗತೈತಿ. ನೀವು ಒಂದೆರಡ ಸಾಲು ಬರೀರಿ ಸಾಕು. ಸ್ಕ್ರೀನ್ ಚೊಲೋ ಐತಿ, ಬಣ್ಣ ಚೊಲೋ ಅದಾವ, ನೋಡಿ ಕಣ್ಣು ತಂಪಾದವು. ಆಮ್ಯಾಲೆ ಒಂದು ಸಹಿ."

"ನೋಡಲಾರದ ಕಣ್ಣು ತಂಪಾದವು ಅಂತ ಹೆಂಗ ಬರೀಲೋ?"

ಚಹಾ ಆರುವುದರೊಳಗೆ ಪತ್ರ ಕೈಗೆ ಬರುತ್ತದೆ ಎಂದುಕೊಂಡಿದ್ದ ಜಾಹಿದನಿಗೆ ಈ ಮುದುಕಿಯ ಸಹಿಯ ವಿಚಾರ ಗೊತ್ತಿರಲಿಲ್ಲ. ಗುರುಬಸವ್ವ ಅಕ್ಷರ ಕಲಿತದ್ದು ಐವತ್ತು ದಾಟಿದ ಮೇಲೆ. ಅದಕ್ಕೂ ಮೊದಲು ಹೆಬ್ಬೆಟ್ಟು ಒತ್ತುತ್ತಿದ್ದಳು. ಹೆಬ್ಬೆಟ್ಟಿಗೆ ನಾಚಿಕೆಯಿಲ್ಲ. ಯಾವ ಕಾಗದ ಮುಂದೆ ಹಿಡಿದರೂ ಹೋಗಿ ಅದರ ಮೇಲೆ ಕೂರುತ್ತದೆ. ಹೆಸರು ಹಾಗಲ್ಲ. ಗುರುಬಸವ್ವ ಎಂದು ಕೊಂಬು, ಒತ್ತು ಎಲ್ಲ ತಿದ್ದಿ ತೀಡಿ ಬರೆದು ಮುಗಿಸುವಷ್ಟರಲ್ಲಿ, ಮೇಲೆ ಬರೆದದ್ದು ಖರೆಯೋ ಸುಳ್ಳೋ ಎಂದು ಯೋಚಿಸಲು ಅವಳಿಗೆ ಬೇಕಾದಷ್ಟು ಹೊತ್ತು ಸಿಗುತ್ತಿತ್ತು.

"ಇಟ್ಟ ಹೋಗು. ನೋಡಿ ಬರೀತೇನಿ" ಎಂದಳು.

ಜಾಹಿದನ ಮುಖ ಸಣ್ಣದಾಯಿತು. ಡಬ್ಬಿಯನ್ನು ಎತ್ತಿಕೊಂಡು ಅಂಗಡಿಗೆ ಓಡಿದ. ಸ್ವಲ್ಪ ಹೊತ್ತಿಗೆ ಮರಳಿ ಬಂದು ಮೊಬೈಲನ್ನು ಅವಳ ಕೈಗಿಟ್ಟು, "ಮ್ಯಾಲೊಂದು ಗ್ಲಾಸ್ ಹಾಕೇನ್ರಿ, ಅಕಸ್ಮಾತ್ ಬಿದ್ರೂ ಏನೂ ಆಗಬಾರ್ದು ಅಂತ" ಎಂದ. ಫೋಟೋ ತೆಗೆಯುವುದನ್ನು ತೋರಿಸಿಕೊಟ್ಟು, ಮೊಬೈಲಿನ ಕಡೆ ಹಿಂದಿರುಗಿ ಹಿಂದಿರುಗಿ ನೋಡುತ್ತ ಹೋದ.

ಬರಿಯ ಗಾಜು ಸಾಲದು ಎಂದು ಗುರುಬಸವ್ವನಿಗೂ ಅನ್ನಿಸಿತು. ಹಿಟ್ಟಿನ ಕೈ, ಅರಿಷಿಣದ ಕೈ. ಶಾವಿಗೆ ತಂದಿದ್ದ ಪ್ಲಾಸ್ಟಿಕ್ ಚೀಲವನ್ನು ಒರೆಸಿ, ಮೊಬೈಲನ್ನು ಅದರೊಳಗೆ ಇಳಿಸಿ, ಬಾಯಿಗೆ ರಬ್ಬರು ಹಾಕಿದಳು. ಅವಳ ಮನೆಯಲ್ಲಿ ಟಿವಿಯ ರಿಮೋಟು ಇನ್ನೂ ಅಂಗಡಿಯಿಂದ ಬಂದ ಪ್ಲಾಸ್ಟಿಕ್ಕಿನಲ್ಲೇ ಇತ್ತು. ಹೊಸ ವಸ್ತುವಿನ ಮೈಮೇಲಿನ ಹೊದಿಕೆ ತೆಗೆಯುವುದೆಂದರೆ, ಆ ಓಣಿಯಲ್ಲಿ, ಚಳಿಗಾಳಿಯಲ್ಲಿ ಕೂಸಿನ ಕುಲಾವಿ ತೆಗೆದಷ್ಟೇ ತಪ್ಪು.

ಪರೀಕ್ಷೆ ಶುರುವಾಯಿತು. ಮೊದಲು ಕೌದಿಯ ಫೋಟೋ ತೆಗೆದಳು. ಬದನೆಕಾಯಿ ಬಣ್ಣ ಬಂತು, ಉಳ್ಳಾಗಡ್ಡಿ ಸಿಪ್ಪೆಯ ಬಣ್ಣ ಬಂತು. ಆದರೆ ಗಿಣಿಹಸಿರು ಎಲೆಹಸಿರು ಎರಡೂ ಒಂದೇ ಆಗಿ ಕೂತಿದ್ದವು. ಹಿತ್ತಲಿನ ಬಿಸಿಲಿಗೆ ಒಯ್ದು ನೋಡಿದಳು. ಕೌದಿ ಹೋಗಿ ಅವಳ ಮೂಗೇ ಕಾಣಿಸಿತು. ಒಳಗೆ ತಂದು ಒಲೆಯ ಪಕ್ಕ ನೋಡಿದಳು. ಎಲ್ಲದರ ಮೇಲೂ ಕಾಳಿ ಹೊಳೆಯ ಮೇಲಿನ ಬೆಳಗಿನ ಮಂಜು ಕವಿದಂತಿತ್ತು.

"ಏನ್ರಿ, ನಿಮಗೂ ಮಬ್ಬ ಕಾಣತೈತೇನು?" ಎಂದು ಗಂಡನನ್ನು ಕೇಳಿದಳು.

ಕಾಗದದ ಮಿಲ್ಲಿನಲ್ಲಿ ದುಡಿದು ನಿವೃತ್ತನಾದ ಪರಸಪ್ಪ ಹೊರಸಿನ ಮೇಲಿಂದ ಏಳದೆ ಹೇಳಿದ: "ನಿನ್ನ ಲಗ್ನಾದಾಗಿಂದ ನನಗ ಎಲ್ಲಾ ಮಬ್ಬ ಕಾಣತೈತಿ."

ಇವನ ಕಣ್ಣು ಉಪಯೋಗಕ್ಕಿಲ್ಲ ಎಂದು ಎದುರುಮನೆಯ ಕಾಶೆವ್ವನನ್ನು ಕರೆದಳು. ಇಬ್ಬರೂ ಕಟ್ಟೆಯ ಮೇಲೆ ಭುಜಕ್ಕೆ ಭುಜ ಹಚ್ಚಿ ಕುಳಿತರು.

"ಹಚ್ಚ ಮತ್ತ" ಎಂದಳು ಕಾಶೆವ್ವ.

"ಹಚ್ಚೇನಲ್ಲ."

"ಎಲ್ಲಿ ಹಚ್ಚೀ? ಹೆಂಚಿನಂಗ ಕರ್ರಗೈತಿ."

"ಎಲ್ಲೈತವಾ ಕರ್ರಗ? ಕೌದಿ ಕಾಣಾಕತ್ತೈತಿ ನೋಡು."

ಕಾಶೆವ್ವ ಮೊಬೈಲನ್ನು ತನ್ನ ಕಡೆ ಎಳೆದುಕೊಂಡಳು. "ಹಾಂ, ಈಗ ಹಚ್ಚಿದಿ."

"ಅಯ್ಯ, ಆರಿಸಿದಿಯಲ್ಲ!" ಎಂದಳು ಗುರುಬಸವ್ವ. ಅವಳ ಕಡೆಗೆ ಈಗ ಬರೀ ಕಪ್ಪು.

"ನಾ ಯಾಕ ಆರಿಸ್ಲಿ? ನನಗ ಆರಸಾಕ ಬರತೈತೇನ?"

ಇವಳು ಎಳೆದರೆ ಅವಳಿಗೆ ಕಪ್ಪು, ಅವಳು ಎಳೆದರೆ ಇವಳಿಗೆ ಕಪ್ಪು. ಕೊನೆಗೆ ಕಾಶೆವ್ವ ಎದ್ದು ಸೀರೆ ಝಾಡಿಸಿದಳು. "ಒಬ್ಬರಿಗೆ ಮಾರಿ ತೋರಿಸಿ ಒಬ್ಬರಿಗೆ ಮಾರಿ ತಿರುವತೈತಿ. ಇಂಥಾ ಸೊಕ್ಕಿನ ಮೊಬೈಲ್ ನಿನಗಿರಲಿ" ಎಂದು ಬಾಗಿಲು ಹಾಕಿಕೊಂಡಳು. ಮರುದಿನ ನೀರು ಬಂದಾಗಲೂ ಗುರುಬಸವ್ವನನ್ನು ಕೂಗಿ ಎಬ್ಬಿಸಲಿಲ್ಲ.

ಆಮೇಲೆ ಪರಸಪ್ಪನೇ ಒಂದು ದಾರಿ ಹೇಳಿದ. "ಬಾಜೂಕ ಕುಂದರಬ್ಯಾಡ್ರಿ. ಬಸ್ಸಿನ್ಯಾಗ ಕುಂತಂಗ ಒಬ್ಬರ ಹಿಂದ ಒಬ್ಬರು ಕುಂದರ್ರಿ." ಗುರುಬಸವ್ವನೇ ಹೋಗಿ ಕಾಶೆವ್ವನನ್ನು ಕೈಹಿಡಿದು ಕರೆತಂದಳು. ಹಾಗೆ ಕುಳಿತು, ಕಾಶೆವ್ವ ತನ್ನ ಗದ್ದವನ್ನು ಗುರುಬಸವ್ವನ ಹೆಗಲ ಮೇಲೆ ಊರಿದಾಗ ಇಬ್ಬರಿಗೂ ಕಂಡಿತು. ಮಬ್ಬು ಮಾತ್ರ ಹಾಗೇ ಇತ್ತು.

ಇತ್ತ ಜಾಹಿದ ದಿನಾ ಗೋಡೆಯ ಮೇಲಿಂದ ಇಣುಕಿ ಕೇಳುತ್ತಿದ್ದ.

"ಬರದ್ರೇನ್ರಿ ಕಾಕು?"

"ನೋಡಾಕತ್ತೇನಿ."

"ಎಷ್ಟ ನೋಡತೀರಿ? ಸ್ಕ್ರೀನ್ ಅದು, ಸಿನೆಮಾ ಅಲ್ಲ."

"ಅದರಾಗ ಸ್ವಲ್ಪ ತಕರಾರ ಐತಿ ತಮ್ಮಾ…"

ತಕರಾರು ಎಂಬ ಮಾತು ಕಿವಿಗೆ ಬೀಳುತ್ತಲೇ ಜಾಹಿದನ ತಲೆ ಗೋಡೆಯ ಆಚೆಗೆ ಮುಳುಗಿಬಿಡುತ್ತಿತ್ತು. ಏನು ತಕರಾರು ಎಂದು ಒಮ್ಮೆಯಾದರೂ ನಿಂತು ಕೇಳಿದ್ದರೆ ಮುಂದಿನ ಗದ್ದಲವೇ ಇರುತ್ತಿರಲಿಲ್ಲ. ಹೀಗೆ ತಿಂಗಳು ಮುಗಿಯುತ್ತ ಬಂತು.

ಇನ್ನು ತಡೆದರೆ ಆಗದು ಎನ್ನುವ ದಿನ ಮಧ್ಯಾಹ್ನ ಅವನು ಹುಬ್ಬಳ್ಳಿಯ ವಿಳಾಸ ಬರೆದ ಲಕೋಟೆ ಹಿಡಿದುಕೊಂಡೇ ಬಂದ. ಗುರುಬಸವ್ವ ಪತ್ರ ಮುಗಿಸಿದ್ದಳು. ಸಹಿ ಒಂದು ಬಾಕಿ. ಜಾಹಿದ ನಿಂತಲ್ಲೇ ಗಟ್ಟಿಯಾಗಿ ಓದಿದ:

"ಕಂಪನಿಯವರಿಗೆ ಗುರುಬಸವ್ವ ಮಾಡುವ ನಮಸ್ಕಾರಗಳು. ನಿಮ್ಮ ಮೊಬೈಲನ್ನು ಬಿಸಿಲಲ್ಲಿ, ನೆರಳಲ್ಲಿ, ಒಲೆಯ ಮುಂದೆ ನೋಡಿದೆ. ಮಂಜು ಕವಿದಂತಿದೆ. ಗಿಣಿಹಸಿರು ಎಲೆಹಸಿರು ಒಂದೇ ಆಗಿವೆ. ನೆಟ್ಟಗೆ ಕುಳಿತವರಿಗೆ ಮಾತ್ರ ಕಾಣುತ್ತದೆ, ಬಗಲಿಗೆ ಕುಳಿತವರಿಗೆ ಕಾಣುವುದಿಲ್ಲ. ಇದರಿಂದ ನನಗೂ ಕಾಶೆವ್ವನಿಗೂ ಮಾತು ನಿಂತಿತ್ತು. ಇಷ್ಟು ಬೆಲೆಯ ವಸ್ತು ಹೀಗಿರಬಾರದು. ತಾವು ವಿದ್ಯಾವಂತರು, ತಿದ್ದಿಕೊಳ್ಳಬೇಕು."

ಜಾಹಿದ ಕೌದಿಯ ಮೇಲೆ ಕುಸಿದು ಕುಳಿತ. ಅಲ್ಲಿದ್ದ ಸೂಜಿ ತನ್ನ ಕೆಲಸ ಮಾಡಿತು. ಕುಳಿತಷ್ಟೇ ಬೇಗ ಎದ್ದ.

"ಕಾಕೂ! ಮಂಜು ಸ್ಕ್ರೀನಿಂದಲ್ರಿ, ನಿಮ್ಮ ಶಾವಿಗಿ ಚೀಲದ್ದು!" ರಬ್ಬರು ಕಿತ್ತು ಚೀಲವನ್ನು ಎಳೆದು ಒಗೆದು, ಕೌದಿಯ ಹೊಸ ಫೋಟೋ ತೆಗೆದ. "ಈಗ ನೋಡ್ರಿ."

"ಈಗ ಅಡ್ಡಿಯಿಲ್ಲ. ಆದ್ರೂ ಹಸಿರು ಎರಡೂ ಒಂದ ಅದಾವ. ಬಗಲಾಗ ಕುಂತಾವ್ರಿಗೂ ಕಾಣಂಗಿಲ್ಲ."

"ಅದು… ಅದು ನಾ ಹಾಕಿದ ಗ್ಲಾಸ್ರಿ. ಬಸ್ಸಿನ್ಯಾಗ ಬಾಜೂದಾವ್ರು ಇಣುಕಿ ನೋಡಬಾರ್ದು ಅಂತ ಮಾಡಿದ ಗ್ಲಾಸ್. ಈ ಅಳತಿಗೆ ಅದೊಂದ ಇತ್ತು ಅಂಗಡ್ಯಾಗ."

"ತೆಗಿ ಮತ್ತ."

ಜಾಹಿದ ಮೊಬೈಲನ್ನು ಎದೆಗವಚಿಕೊಂಡ. "ತಗದ್ರ ಅದರ ಕೆಳಗಿನ ಕಂಪನಿ ಪ್ಲಾಸ್ಟಿಕ್ ಹಾಳೀನೂ ಕಿತ್ತ ಬರತೈತ್ರಿ. ಪತ್ರ ಹೋದ ಮ್ಯಾಲ ಈ ಮೊಬೈಲ್ ನಾನ ಮಾರಬೇಕು. ಹಾಳಿ ಹೋತಂದ್ರ ಹೊಸಾದು ಅಂತ ಯಾರ್ ತಗೋತಾರ?"

"ಕೆಳಗ ಮತ್ತೊಂದು ಹಾಳಿ ಬ್ಯಾರೆ ಐತೇನು?" ಗುರುಬಸವ್ವ ಕನ್ನಡಕ ತೆಗೆದಳು. "ಅಂದ್ರ ಇಷ್ಟ ದಿನ ನಾ ಹೆಣ್ಣ ನೋಡಾಕ ಹೋಗಿ ಅವರ ಮನಿ ಬಾಗಲಾ ನೋಡಿ ಬಂದೇನೇನೋ?"

"ಹೆಣ್ಣು ಖರೇನ ಚೊಲೋ ಐತ್ರಿ ಕಾಕು. ನನ್ನ ಮಾತ ನಂಬಿ ಸಹಿ ಮಾಡ್ರಿ."

"ನೀ ನೋಡೀಯೇನು?"

ಜಾಹಿದ ಡಬ್ಬಿ ಬಿಚ್ಚಿದ ಕೂಡಲೇ ಹಾಳೆಯ ಮೇಲೆ ಗಾಜು ಅಂಟಿಸಿದ್ದ. ಅವನೂ ನೋಡಿರಲಿಲ್ಲ.

ಗೋಡೆಯ ಆಚೆಯಿಂದ ಎಲ್ಲ ಕೇಳಿಸಿಕೊಂಡಿದ್ದ ಅವನ ಹೆಂಡತಿ ಶಹನಾಜ, ದುಪಟ್ಟಾ ಸರಿಪಡಿಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು.

"ಇವರ ಹಣೇಬರಹಾನ ಇಷ್ಟರಿ ಕಾಕು. ನನ್ನ ಶಾದಿಯೊಳಗ ಬಂದ ಕಪಾಟಿನ ಪ್ಲಾಸ್ಟಿಕ್ ಇನ್ನೂ ತಗ್ಯಾಕ ಕೊಟ್ಟಿಲ್ಲ. ಕನ್ನಡಿ ಮ್ಯಾಲಿಂದೂ! ಇಷ್ಟು ವರ್ಷಾತು, ನನ್ನ ಮಾರಿ ನಾನ ನೆಟ್ಟಗ ನೋಡ್ಕೊಂಡಿಲ್ಲ."

"ಕಪಾಟಿನ ಮಾತ ಈಗ ಯಾಕ?" ಎಂದ ಜಾಹಿದ.

"ಈಗಿಲ್ಲಾಂದ್ರ ಯಾವಾಗ? ಏಜೆನ್ಸಿ ಹಳಿಯಾಳಕ್ಕ ಹೋಗ್ಲಿ, ಹಾಳಿ ಮಾತ್ರ ಇರ್ಲಿ. ಅದನ್ನ ಹೊದ್ಕೊಂಡ ಮಲ್ಕೊಳ್ರಿ."

ಗುರುಬಸವ್ವ ಪೆನ್ನನ್ನು ಪತ್ರದ ಪಕ್ಕ ಇಟ್ಟು, ಕೈ ಮಡಚಿ ಕುಳಿತಳು. ಅವಳು ಹಾಗೆ ಕುಳಿತರೆ ಬೇಕಾದರೆ ಸಂಜೆಯವರೆಗೂ ಕುಳಿತಾಳು ಎಂಬುದು ಓಣಿಗೆಲ್ಲ ಗೊತ್ತಿತ್ತು. ಅಷ್ಟರಲ್ಲಿ ಮಿಲ್ಲಿನ ಭೋಂಗಾ ಕೂಗಿತು. ಪೋಸ್ಟಾಫೀಸು ಮುಚ್ಚಲು ಬಹಳ ಹೊತ್ತಿರಲಿಲ್ಲ.

ಜಾಹಿದ ಮೊಬೈಲನ್ನು ಎದೆಯಿಂದ ಬಿಡಿಸಿದ. ಮೂಲೆಯನ್ನು ಕೆರೆದ. ಈ ತಿಂಗಳಿಡೀ ಕಡಿದು ಕಡಿದು ಅವನ ಬೆರಳಿಗೆ ಉಗುರೇ ಉಳಿದಿರಲಿಲ್ಲ.

"ತಾ ಇಲ್ಲಿ" ಎಂದು ಪರಸಪ್ಪ ಹೊರಸಿನಿಂದ ಎದ್ದ. ಅವನು ಎದ್ದದ್ದೇ ಆ ದಿನದ ದೊಡ್ಡ ಸುದ್ದಿ. ಮಿಲ್ಲಿನಲ್ಲಿ ಅಂಟಿಕೊಂಡ ಹಾಳೆ ಬಿಡಿಸುತ್ತಿದ್ದ ಹೆಬ್ಬೆರಳ ಉಗುರನ್ನು ಮೂಲೆಗೆ ಕೊಟ್ಟು ಮೀಟಿದ. ಸೂಜಿ ಚುಚ್ಚಿಸಿಕೊಳ್ಳುವ ಮಗುವಿನ ಹಾಗೆ ಜಾಹಿದ ಗೋಡೆಯ ಕಡೆ ಮುಖ ಮಾಡಿದ. ಸುರ್ರೆಂದು ಗಾಜೂ ಹಾಳೆಯೂ ಒಟ್ಟಿಗೆ ಎದ್ದುಬಂದವು.

ಎಲ್ಲರೂ ಕೌದಿಯ ಫೋಟೋದ ಮೇಲೆ ಬಾಗಿದರು. ಸದ್ದು ಕೇಳಿ ಓಡಿಬಂದಿದ್ದ ಕಾಶೆವ್ವನೂ ಬಗಲಲ್ಲಿ ತಲೆ ತೂರಿಸಿದಳು. ಅವಳಿಗೂ ಕಂಡಿತು. ಕೌದಿಯ ಒಂದೊಂದು ಹೊಲಿಗೆಯೂ ಬೇರೆಬೇರೆಯಾಗಿ ಕಾಣುತ್ತಿತ್ತು. ಗಿಣಿಹಸಿರು ಗಿಣಿಯ ಹಾಗೆ, ಎಲೆಹಸಿರು ಎಲೆಯ ಹಾಗೆ ತಮ್ಮ ತಮ್ಮ ಜಾಗದಲ್ಲಿದ್ದವು.

"ಈಗ ನನಗೂ ಮಾರಿ ತೋರಿಸಿತು ನೋಡು" ಎಂದಳು ಕಾಶೆವ್ವ.

ಶಹನಾಜ ಪರಸಪ್ಪನ ಒಂದು ಫೋಟೋ ತೆಗೆದು ಅವನ ಮುಂದೆ ಹಿಡಿದಳು. ಅವನು ಬಹಳ ಹೊತ್ತು ನೋಡಿದ. "ಕಿವ್ಯಾಗಿನ ಕೂದಲಾನೂ ತೋರಸತೈತಿ. ಇಷ್ಟು ಚೊಲೋ ಇರಬಾರ್ದು ಬಿಡು" ಎಂದು ಮತ್ತೆ ಹೊರಸಿಗೆ ಹೋದ.

ಗುರುಬಸವ್ವ ಹೊಸ ಹಾಳೆ ತೆಗೆದುಕೊಂಡಳು. ಮಂಜಿಲ್ಲ, ಹಸಿರು ಎರಡು, ಬಗಲಿಗೆ ಕುಳಿತವರಿಗೂ ಕಾಣುತ್ತದೆ, ಮೊದಲು ನೋಡಿದ್ದು ಸ್ಕ್ರೀನ್ ಅಲ್ಲ, ಅದರ ಮೇಲಿನ ಹೊದಿಕೆ ಎಂದು ಬರೆದಳು. ಜಾಹಿದ ಅಕ್ಷರ ಅಕ್ಷರಕ್ಕೂ ತಲೆ ಅಲ್ಲಾಡಿಸಿದ. ಸಹಿಯ ಜಾಗಕ್ಕೆ ಬಂದವಳು ನಿಂತಳು. ಶಹನಾಜಳನ್ನು ಕರೆದು ಅವಳ ದುಪಟ್ಟಾದ ಫೋಟೋ ತೆಗೆದಳು. ಸ್ಕ್ರೀನ್ ನೋಡಿದಳು, ದುಪಟ್ಟಾ ನೋಡಿದಳು. ಮತ್ತೆ ಬರೆದಳು:

"ಬಣ್ಣ ಇದ್ದದ್ದಕ್ಕಿಂತ ಒಂದು ತೂಕ ಹೆಚ್ಚು ಕಾಣುತ್ತದೆ. ಶಹನಾಜಳ ಮಾಸಿದ ದುಪಟ್ಟಾ ಹೊಸದರಂತೆ ಕಂಡಿತು. ಇದರಲ್ಲಿ ನೋಡಿ ಸೀರೆ ಕೊಂಡವರು ಮನೆಗೆ ತಂದ ಮೇಲೆ ಜಗಳವಾಡುವರು."

"ಕಾಕೂ, ಅದೊಂದು ಸಾಲು ಬಿಡ್ರಿ! ಏಜೆನ್ಸಿ ಕೈಬಿಟ್ಟ ಹೋಗತೈತ್ರಿ!"

"ಅದೊಂದು ಸಾಲು ಇದ್ರನ ಉಳಿದದ್ದನ್ನ ನಂಬತಾರೋ."

"ಇರ್ಲಿ ಬಿಡ್ರಿ ಕಾಕು" ಎಂದಳು ಶಹನಾಜ. "ದುಪಟ್ಟಾ ಮಾಸೇತಿ ಅಂತ ಕಂಪನಿಯವ್ರಿಗಾದ್ರೂ ಗೊತ್ತಾಗ್ಲಿ. ಇವರಿಗಂತೂ ಗೊತ್ತಾಗಿಲ್ಲ."

ಗುರುಬಸವ್ವ ಕೊಂಬು ಎಳೆದು, ಒತ್ತು ಕೊಟ್ಟು, ಸಾವಕಾಶವಾಗಿ ಸಹಿ ಮಾಡಿದಳು. ದಾರಿಯಲ್ಲಿ ಆ ಸಾಲು ಮಾಯವಾಗಬಾರದೆಂದು ಲಕೋಟೆಯನ್ನು ಸೆರಗಿನೊಳಗೆ ಇಟ್ಟುಕೊಂಡು ತಾನೂ ಸ್ಕೂಟರಿನ ಹಿಂದೆ ಹತ್ತಿ ಕುಳಿತಳು.

ಪೋಸ್ಟಾಫೀಸಿನಲ್ಲಿ ಸ್ಪೀಡ್ ಪೋಸ್ಟಿನ ಕಿಂಡಿ ಮುಚ್ಚುವುದರಲ್ಲಿತ್ತು. ಲಕೋಟೆಯ ಒಂದು ತುದಿಯನ್ನು ಗುಮಾಸ್ತ ಹಿಡಿದ. ಇನ್ನೊಂದು ತುದಿ ಜಾಹಿದನ ಬೆರಳುಗಳಲ್ಲಿ ಇತ್ತು. ಗುಮಾಸ್ತ ಎಳೆದ, ಅದು ಬರಲಿಲ್ಲ.

"ಬಿಡೋ ತಮ್ಮಾ" ಎಂದಳು ಗುರುಬಸವ್ವ.

ಜಾಹಿದ ಒಮ್ಮೆ ಅವಳ ಮುಖ ನೋಡಿ ಕೈ ಬಿಟ್ಟ.

"ಚಿಂತಿ ಮಾಡಬ್ಯಾಡ್ರಿ" ಎಂದ ಗುಮಾಸ್ತ, ಠಸ್ಸೆ ಎತ್ತುತ್ತ. "ನಾಳಿಗೆ ಮುಟ್ಟತೈತಿ."

"ಅದ ಚಿಂತಿರಿ" ಎಂದ ಜಾಹಿದ.

ಠಸ್ಸೆ ಬಿತ್ತು. ಲಕೋಟೆ ಹಿಂದಿನ ಚೀಲಕ್ಕೆ ಹಾರಿತು, ಚೀಲದ ಬಾಯಿ ಕಟ್ಟಿದರು.