ಹೊಳೆಯುವ ಮಗ್ಗುಲು

"ಮತ್ತ ಅದನ್ನ ತೋರಸಾಕತ್ತೈತಿ ಮಾಮಾ," ಎಂದ ಪ್ರಸಾದ, ಬಾಯ್ತುಂಬ ಗಿರ್ಮಿಟ್ ಇಟ್ಟುಕೊಂಡು. "ಡಿಸ್ಕ್ ಓದಾಕ ಬರವಲ್ದಂತ."

ಬಸವಕಿರಣ ಪ್ಲೇಯರಿನ ಗುಂಡಿಯನ್ನು ಮತ್ತೊಮ್ಮೆ ಒತ್ತಿದ. ಟೀವಿಯ ಮೇಲೆ ಮೂಡಿದ ಆ ಒಂದು ಸಾಲನ್ನು ಓದಿ ಹೇಳುವುದಕ್ಕೂ ಒಬ್ಬ ಮನುಷ್ಯ ಬೇಕೇ? ಹೆಂಡತಿಯ ತಮ್ಮ ಅಂತ ಸಹಿಸಿಕೊಳ್ಳಬೇಕು. ಬಸ್ಸಿನಲ್ಲಿ ಜೋತಾಡುತ್ತ, ಅಂಗೈಯಗಲದ ಫೋನಿನಲ್ಲಿ, ಹಾಡು ಬಂದರೆ ಓಡಿಸಿ, ಅಳು ಬಂದರೆ ಓಡಿಸಿ, ನವನಗರ ಬರುವುದರೊಳಗೆ ಒಂದು ಸಿನಿಮಾ ಮುಗಿಸಿ 'ಮಸ್ತ್ ಐತಿ' ಅನ್ನುವವರ ಪೈಕಿ ಈತ.

"ಒಮ್ಮಿ ವರಿಸಿ ಹಾಕ್ರಿ ಮಾಮಾ. ನಮ್ಮ ಮನ್ಯಾಗಿನ ಸೀಡಿಗೆ ಟೂತ್‌ಪೇಸ್ಟ್ ಹಚ್ಚಿ ವರಸ್ತಿದ್ವಿ. ಛಲೋ ಓಡತಿದ್ದವು."

"ಟೂತ್‌ಪೇಸ್ಟ್ ನೀ ಹಲ್ಲಿಗೆ ಹಚಗೋ, ಸಾಕು. ಇದು ಇವತ್ತ ಮುಂಜಾನೆ ಸೀಲ್ ಒಡದದ್ದು. ಹೊಸಾ ವಸ್ತು ವರಸ್ತಾರೇನು?"

ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ಅಪ್ಪ ಮಹಾಂತಯ್ಯ ಗಂಟಲು ಸರಿಮಾಡಿಕೊಂಡ. ಹತ್ತಿ ಅಡತಿ ಅಂಗಡಿ, ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲುಗಳಲ್ಲಿ ಜೀವ ಸವೆಸಿದವನು. ಮಗನ ಈ ಕೋಣೆಗೆ ಅವನು ಇಟ್ಟ ಹೆಸರು 'ರದ್ದಿ ರೂಮು'. ಗೋಡೆ ತುಂಬ ಡಿಸ್ಕಿನ ಡಬ್ಬಿಗಳು ಏರುತ್ತ ಹೋದರೂ ಅವನು ಅದರ ಹೊಸ್ತಿಲು ದಾಟಿರಲಿಲ್ಲ. ಹೋದ ವಾರ ಊಟಕ್ಕೆ ಕುಳಿತಾಗ ತಾನಾಗಿಯೇ ಮಾತು ತೆಗೆದಿದ್ದ. "ಒಂದ ಸಿನಿಮಾ ಪೂರಾ ತೋರಸು. ಛಲೋ ಇತ್ತಂದ್ರ ಮತ್ತ ಬಾಯಿ ತಗಿಯಂಗಿಲ್ಲ. ಸುಮಾರಿತ್ತಂದ್ರ ಮರದಿನಾ ರದ್ದಿಯಂವನ್ನ ಕರಸ್ತೇನಿ." ಅದಕ್ಕೇ ಬಸವಕಿರಣ ಇದ್ದಬದ್ದ ಡಿಸ್ಕುಗಳನ್ನೆಲ್ಲ ಬಿಟ್ಟು ಈ ಹೊಸದನ್ನು ತರಿಸಿದ್ದ. ಎಲ್ಲಿಯದೋ ದೂರದ ದೇಶದ ಒಬ್ಬ ಮುದಿ ಗಾಡಿಯವನ ಕಥೆ. ಅಪ್ಪನ ಬಾಯಿ ಮುಚ್ಚಿಸಲು ಇದಕ್ಕಿಂತ ಒಳ್ಳೆಯದು ಸಿಗುವಂತಿರಲಿಲ್ಲ.

ಈಗ ನೋಡಿದರೆ ಗಾಡಿಯೇ ಹೊರಡಲೊಲ್ಲದು.

ಪ್ಲಗ್ಗು ಕಿತ್ತು ಮತ್ತೆ ಹಾಕಿದ. ವೈರು ಬದಲಿಸಿದ. ಹಳೆಯ ಡಿಸ್ಕೊಂದನ್ನು ಹಾಕಿದರೆ ಅದು ಗುಂಡಿನಂತೆ ಓಡಿತು.

"ಹಂಗಾರ ತಪ್ಪು ಡಿಸ್ಕಿಂದು," ಎಂದು ಪ್ರಸಾದ ತೀರ್ಪು ಕೊಟ್ಟ.

ಒಂದೊಂದು ದೇಶದ ಡಿಸ್ಕಿಗೆ ಒಂದೊಂದು ಬೀಗವಿರುತ್ತದೆಂದು ಬಸವಕಿರಣ ಯಾರೂ ಕೇಳದಿದ್ದರೂ ವಿವರಿಸಿದ. ಡಬ್ಬಿಯ ಬೆನ್ನು ತಿರುಗಿಸಿ ನೋಡಿದರೆ ಇದಕ್ಕೆ ಯಾವ ಬೀಗವೂ ಇರಲಿಲ್ಲ. ಕೊನೆಗೆ ಹೆಂಡತಿ ದಾಕ್ಷಾಯಿಣಿಯ ಫೋನಿನಿಂದ ನೆಟ್ ಕೊಟ್ಟು ಪ್ಲೇಯರಿನ ಸಾಫ್ಟ್‌ವೇರನ್ನೇ ಹೊಸದು ಮಾಡಲು ಹಚ್ಚಿದ. ಪರದೆಯ ಮೇಲೆ ಬಿಳಿ ಪಟ್ಟಿಯೊಂದು ಬಸವನಹುಳುವಿನಂತೆ ತೆವಳತೊಡಗಿತು.

"ಇದಕಿಂತಾ ನಮ್ಮ ಜಿನ್ನಿಂಗ್ ಮಶೀನ ಲಗೂ ಚಾಲೂ ಆಗತಿತ್ತು," ಎಂದ ಅಪ್ಪ, ಬಲಗೈಯ ಮೊಂಡು ಉಂಗುರಬೆರಳನ್ನು ಎತ್ತಿ ತೋರಿಸುತ್ತ. "ಬೆರಳ ತಿಂತು ಖರೇ. ಕೆಲಸಾ ಮಾತ್ರ ಮಾಡತಿತ್ತು."

ಪ್ರಸಾದ ನಕ್ಕ. ಬಾಗಿಲಲ್ಲಿ ನಿಂತ ದಾಕ್ಷಾಯಿಣಿಯೂ ಸೆರಗಿನ ಮರೆಯಲ್ಲಿ ನಕ್ಕಳು. ಬಸವಕಿರಣನಿಗೆ ಮೈಯೆಲ್ಲ ಉರಿಯಿತು. ಎಂಥ ಮಂದಿಯ ನಡುವೆ ಬಂದು ಬಿದ್ದೆನಪ್ಪ ಅನ್ನಿಸಿತು. ಫ್ರಿಜ್ಜು, ಮಿಕ್ಸರು, ಬಚ್ಚಲಿನ ಗೀಸರು ಸಹ ವಿಭೂತಿ ಬಳಿಸಿಕೊಳ್ಳದೆ ಚಾಲೂ ಆಗದ ಮನೆ ಇದು. ಮುಂಜಾನೆ ಪಾರ್ಸೆಲ್ ಬಿಚ್ಚಿದಾಗಲೂ ಅಪ್ಪ "ದೇವರ ಮುಂದ ಇಟ್ಟ ತಗೋ" ಅಂದಿದ್ದ. "ಇದೇನ ಟ್ರ್ಯಾಕ್ಟರ್ ಅಲ್ಲಪಾ," ಎಂದು ಡಬ್ಬಿಯನ್ನು ಪಡಸಾಲೆಯ ಮೇಜಿನ ಮೇಲೆ ಬಿಸಾಕಿ ಬ್ಯಾಂಕಿಗೆ ಹೋಗಿದ್ದ.

ಪಟ್ಟಿ ತುಂಬಿತು. ಪ್ಲೇಯರು ಕಣ್ಣು ಮುಚ್ಚಿ ತೆರೆಯಿತು. ಮತ್ತೆ ಅದೇ ಸಾಲು.

"ಯಾವ ಮಂಗ್ಯಾ ಮುಟ್ಟೈತಿ ಇದನ್ನ?" ಎಂದ ಬಸವಕಿರಣ, ದಾಕ್ಷಾಯಿಣಿಯ ಕಡೆ ತಿರುಗಿ. "ಈ ಮನ್ಯಾಗ ಒಂದ ಛಲೋ ವಸ್ತು ಇಡಾಕ ಬರಂಗಿಲ್ಲ."

"ನಿಮ್ಮ ರೂಮಿನ ಕಸಾ ಹೊಡಿಯಾಕೂ ಬಿಡಂಗಿಲ್ಲ ನೀವು. ನಾ ಯಾಕ ಮುಟ್ಟಲಿ ಅದನ್ನ?"

ಅಪ್ಪ ಏನೋ ಅನ್ನಲು ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡ.

ಥೇಟರಿನ ಕತ್ತಲೆ ಬೇಕೆಂದು ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ್ದರಿಂದ ಕೋಣೆಯಲ್ಲಿ ಏನೂ ಕಾಣುತ್ತಿರಲಿಲ್ಲ. ಬಸವಕಿರಣ ಡಿಸ್ಕನ್ನು ಅಂಚಿನಲ್ಲಿ ಹಿಡಿದು ಅಡಿಗೆಮನೆಗೆ ಹೋದ. ಟ್ಯೂಬ್‌ಲೈಟಿನ ಕೆಳಗೆ ಮಗುಚಿ ನೋಡಿದ.

ಮೂರು ಗೆರೆ ವಿಭೂತಿ.

ಚಿತ್ರ ಅಚ್ಚಾದ ಬದಿಯನ್ನು ಬಿಟ್ಟು, ಕನ್ನಡಿಯಂತೆ ಹೊಳೆಯುವ ಮಗ್ಗುಲನ್ನೇ ಮುಖವೆಂದು ತಿಳಿದು ಯಾರೋ ನಿಧಾನವಾಗಿ, ದಪ್ಪಗೆ ಎಳೆದಿದ್ದರು. ಎರಡು ಗೆರೆ ಈ ಅಂಚಿನಿಂದ ಆ ಅಂಚಿಗೆ. ಮೂರನೆಯದು ಗಿಡ್ಡ, ಅರ್ಧಕ್ಕೇ ನಿಂತಿತ್ತು. ಅಪ್ಪನ ಹಣೆಯ ಮೇಲೆ ದಿನವೂ ನಿಲ್ಲುವ ಹಾಗೆ.

ಮಾತು ನಾಲಗೆಯ ತುದಿಗೇ ಬಂತು. ಎಂಥ ಮಾತು! ಹೋಗಿ ಎಲ್ಲರೆದುರು ಡಿಸ್ಕು ಎತ್ತಿ ಹಿಡಿದರೆ ಸಾಕು. ಪ್ರಸಾದ ಬಿದ್ದು ಬಿದ್ದು ನಗುತ್ತಾನೆ, ಓಣಿ ತುಂಬ ಹೇಳುತ್ತಾನೆ, ಕೇಶ್ವಾಪುರದಲ್ಲಿ ಇನ್ನು ಮೇಲೆ ಯಾರ ಬಾಯಲ್ಲೂ ರದ್ದಿ ಎಂಬ ಶಬ್ದ ಬರುವುದಿಲ್ಲ. ಅವನು ಎರಡು ಹೆಜ್ಜೆ ಹಾಕಿದ. ನಿಂತ. ಗಿಡ್ಡ ಗೆರೆಯನ್ನು ಇನ್ನೊಮ್ಮೆ ನೋಡಿದ.

ಚಷ್ಮಾ ಒರೆಸುವ ಮೆತ್ತನೆಯ ಬಟ್ಟೆ ಜೇಬಿನಲ್ಲಿತ್ತು. ನಡುವಿನಿಂದ ಅಂಚಿನ ಕಡೆಗೆ, ನೆಟ್ಟಗೆ ಒರೆಸಿದ. ಬೂದಿ ಬೆರಳಿಗೆ ಹತ್ತಿತು. ನಲ್ಲಿಯ ಕಡೆ ಹೋದ ಕೈ ಹಿಂದಕ್ಕೆ ಬಂದು ಹಣೆಯತ್ತ ಏರಿತು.

ಕೋಣೆಗೆ ಮರಳಿ ಡಿಸ್ಕು ಹಾಕಿದ. ಪ್ಲೇಯರು ಗುಂಯ್ ಎಂದಿತು. ಪರದೆ ಬೆಳ್ಳಗಾಯಿತು.

"ಬಂತ ನೋಡ್ರಿ," ಎಂದ ಪ್ರಸಾದ. "ಏನ ಮಾಡಿದ್ರಿ ಮಾಮಾ?"

"ವರಿಸಿದೆ."

"ಟೂತ್‌ಪೇಸ್ಟ್ ಹಚ್ಚಿ?"

ಬಸವಕಿರಣ ಬೂದಿ ಹತ್ತಿದ ಬಟ್ಟೆಯನ್ನು ಜೇಬಿಗೆ ತುರುಕಿದ. "ಹೂಂ. ನೀ ಹೇಳಿದ್ದ ಖರೇ ಇತ್ತು."

"ಕಾಕಾ, ಕೇಳಿದ್ರಿಲ್ಲೋ? ಹಣಿಗೂ ಮೆತಗೊಂಡಾರ ನೋಡ್ರಿ ನಮ್ಮ ಮಾಮಾ," ಎಂದ ಪ್ರಸಾದ, ಅಪ್ಪನ ಕಡೆ ತಿರುಗಿ.

ಪರದೆಯ ಬೆಳಕಿನಲ್ಲಿ ಅಪ್ಪ ಮಗನ ಹಣೆಯನ್ನು ನೋಡಿದ. ನಗಲಿಲ್ಲ. ಧೂಳಿನ ದಾರಿಯಲ್ಲಿ ಒಂದು ಎತ್ತಿನ ಗಾಡಿ ದೂರದಿಂದ ಬರುತ್ತಿತ್ತು. ಮೆಲ್ಲಗೆ ಅದು ಹತ್ತಿರವಾಯಿತು.

"ಎಡಗಡೆ ಎತ್ತ ಕುಂಟತೈತಿ," ಎಂದ ಅಪ್ಪ ಕೊನೆಗೆ. "ಗಾಡಿ ಹೂಡಾಕ ಬರಲಾರದ ಮಂದಿ ಸಿನಿಮಾ ತಗಿತಾರ."

ಎಂದವನು ಕುರ್ಚಿಯನ್ನು ಪರದೆಯ ಕಡೆ ಎಳೆದುಕೊಂಡು ಕೂತ. ಮೊಂಡು ಬೆರಳಿನ ಬಲಗೈಯನ್ನು ಮೆಲ್ಲಗೆ ಹೆಗಲ ಮೇಲೆ ಹೊದ್ದ ವಲ್ಲಿಯ ಒಳಗೆ ಸೇರಿಸಿದ.